ಏಳು, ನಲವತ್ತು, ಎಪ್ಪತ್ತು: ಹೀಬ್ರೂ ಗ್ರಂಥದ ಲೆಕ್ಕ

'ನನಗೆ ನೂರೆಂಟು ಕೆಲಸಗಳಿವೆ' ಎಂದು ಯಾರಾದರೂ ಹೇಳಿದರೆ ನಾವು ಬೆರಳು ಮಡಿಚಿ ಎಣಿಸಲು ಕೂರುವುದಿಲ್ಲ. 'ಏಳು ಕೆರೆ ನೀರು ಕುಡಿದವನು' ಎಂದಾಗ ಆ ಕೆರೆಗಳ ಹೆಸರು ಕೇಳುವುದಿಲ್ಲ. ಉರ್ದು ಕತೆಗಳ ಶಹಜಾದಿ ಯಾವಾಗಲೂ 'ಸಾತ್ ಸಮಂದರ್ ಪಾರ್' ಇರುತ್ತಾಳೆ. ಅವಳನ್ನು ಎಂಟನೆಯ ಸಮುದ್ರದಾಚೆ ಇಟ್ಟ ಕತೆಗಾರನನ್ನು ನಾವು ಕಂಡಿಲ್ಲ. ಎಣಿಕೆಯಲ್ಲದೆ ಸಂಖ್ಯೆಗೆ ಬೇರೊಂದು ಕೆಲಸವೂ ಇದೆ ಎಂಬುದು ನಮ್ಮ ಆಡುಮಾತಿಗೆ ಚೆನ್ನಾಗಿ ಗೊತ್ತು. ಆದರೆ ಧರ್ಮಗ್ರಂಥ ಕೈಗೆ ಬಂದ ಕೂಡಲೇ ಈ ತಿಳಿವಳಿಕೆ ಎಲ್ಲಿಗೋ ಹೋಗಿಬಿಡುತ್ತದೆ. ಅದರ ಸಂಖ್ಯೆಗಳನ್ನು ನಾವು ಜಮಾಖರ್ಚಿನ ಪುಸ್ತಕದಂತೆ ಓದುತ್ತೇವೆ, ಇಲ್ಲವೇ ಯಂತ್ರ-ತಾಯಿತದಂತೆ. ಯಹೂದಿಗಳ ಹೀಬ್ರೂ ಗ್ರಂಥ ಈ ಎರಡೂ ಬಗೆಯ ಓದಿಗೆ ಸಿಕ್ಕಿ ಬಹಳ ನಲುಗಿದೆ. ಕ್ರೈಸ್ತರು ಅದನ್ನು ಹಳೆಯ ಒಡಂಬಡಿಕೆ ಎನ್ನುತ್ತಾರೆ. ತೌರಾತ್, ಝಬೂರ್ ಎಂಬ ಹೆಸರುಗಳಿಂದ ಮುಸ್ಲಿಮರಿಗೂ ಆ ಪರಂಪರೆ ಪರಿಚಿತ.

ನಲವತ್ತನ್ನೇ ನೋಡೋಣ. ನೋಹನ (ನೂಹ್) ಕಾಲದ ಮಳೆ ನಲವತ್ತು ಹಗಲು, ನಲವತ್ತು ಇರುಳು. ಸೀನಾಯಿ ಬೆಟ್ಟದ ಮೇಲೆ ಮೋಶೆ (ಮೂಸಾ) ಇದ್ದದ್ದು ನಲವತ್ತು ದಿನ. ಇಸ್ರಾಯೇಲರು ಮರುಭೂಮಿಯಲ್ಲಿ ಅಲೆದದ್ದು ನಲವತ್ತು ವರ್ಷ. ಪ್ರಾಣಭಯದಿಂದ ಓಡಿದ ಎಲೀಯ ಹೋರೇಬ್ ಬೆಟ್ಟಕ್ಕೆ ನಡೆದದ್ದು ನಲವತ್ತು ದಿನ. ನಿನೆವೆ ಪಟ್ಟಣಕ್ಕೆ ಯೋನ (ಯೂನುಸ್) ಕೊಟ್ಟ ಗಡುವು ನಲವತ್ತು ದಿನ. ದಾವೀದ ಆಳಿದ್ದು ನಲವತ್ತು ವರ್ಷ, ಅವನ ಮಗ ಸೊಲೊಮೋನನೂ ಸರಿಯಾಗಿ ನಲವತ್ತು. ಇಷ್ಟೊಂದು ನಲವತ್ತುಗಳನ್ನು ಕಂಡ ಮೇಲೂ ಇತಿಹಾಸಕಾರ ಇವನ್ನು ಕೂಡಿ ಕಳೆದು ಇಸವಿ ತೆಗೆಯಲು ಹೊರಟರೆ ಅವನಿಗೆ ಏನು ಹೇಳುವುದು? ಇದು ಪರೀಕ್ಷೆಯ ಅವಧಿ. ಒಂದು ಸ್ಥಿತಿ ಮುಗಿದು ಇನ್ನೊಂದು ಹುಟ್ಟುವುದಕ್ಕೆ ಬೇಕಾದ ಕಾಲ. ಮರುಭೂಮಿಯಲ್ಲಿ ಅದು ಒಂದು ತಲೆಮಾರು ಮುಗಿಯುವ ಕಾಲವೇ ಆಗಿತ್ತು. ಮೂಸಾರ ನಲವತ್ತು ರಾತ್ರಿಗಳನ್ನೂ ಅಲೆದಾಟದ ನಲವತ್ತು ವರ್ಷಗಳನ್ನೂ ಕುರ್‌ಆನ್ ಸಹ ಹೇಳುತ್ತದೆ. ಸೂಫಿಗಳ ಚಿಲ್ಲಾ ನಲವತ್ತು ದಿನಗಳದ್ದು. ನಮ್ಮ ಮನೆಗಳ ಬಾಣಂತಿಗೂ ನಲವತ್ತನೆಯ ದಿನ ಒಂದು ಗಡಿಯೇ.

ಹನ್ನೆರಡರ ಮಾತು ಬೇಗ ಮುಗಿಸಬಹುದು. ಯಾಕೋಬನ ಹನ್ನೆರಡು ಮಕ್ಕಳಿಂದ ಹನ್ನೆರಡು ಕುಲಗಳು. ಲೇವಿಯ ಕುಲ ಯಾಜಕ ಸೇವೆಗೆ ಹೋಗಿ ಭೂಮಿಯ ಪಾಲಿನಿಂದ ಹೊರಗುಳಿದಾಗ ಲೆಕ್ಕ ಹನ್ನೊಂದಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ. ಯೋಸೇಫನ ಪಾಲನ್ನು ಅವನ ಇಬ್ಬರು ಮಕ್ಕಳ ಹೆಸರಿಗೆ ಒಡೆದು ಹನ್ನೆರಡನ್ನು ಉಳಿಸಿಕೊಂಡರು. ಕುಲಗಳು ಬದಲಾದರೂ ಚಿಂತೆಯಿಲ್ಲ, ಸಂಖ್ಯೆ ಬದಲಾಗಬಾರದು!

ಏಳರ ಕತೆ ಮಾತ್ರ ದೊಡ್ಡದು. ಹೀಬ್ರೂವಿನಲ್ಲಿ ಏಳಕ್ಕೆ 'ಶೆವ' ಎನ್ನುತ್ತಾರೆ. ಆಣೆ ಇಡುವುದಕ್ಕೂ ವಾರಕ್ಕೂ ಇರುವ ಪದಗಳಲ್ಲಿ ಇದೇ ಮೂರು ಅಕ್ಷರಗಳಿವೆ. ಅಬ್ರಹಾಮ (ಇಬ್ರಾಹೀಮ್) ಬಾವಿಯೊಂದರ ಜಗಳ ತೀರಿಸಲು ಅಬೀಮೆಲೆಕನಿಗೆ ಏಳು ಹೆಣ್ಣು ಕುರಿಮರಿಗಳನ್ನು ಕೊಟ್ಟು ಪ್ರಮಾಣ ಮಾಡಿದ ಜಾಗ ಬೇರ್ಷೆಬ. ಆ ಹೆಸರನ್ನು ಏಳರ ಬಾವಿ ಎಂದೂ ಆಣೆಯ ಬಾವಿ ಎಂದೂ ಓದಬಹುದು. ಅಂದರೆ ಏಳು ಎಂದರೆ ಕೊಟ್ಟ ಮಾತು. (ಪಾರಸಿಯ 'ಹಫ್ತ್' ಎಂದರೂ ಏಳೇ. ಅದರಿಂದ ವಾರಕ್ಕೆ 'ಹಫ್ತಾ' ಎಂಬ ಹೆಸರು ಬಂತು. ಆ ಪದ ನಮ್ಮ ಊರುಗಳಲ್ಲಿ ಯಾವ ವಸೂಲಿಗೆ ಬಳಕೆಯಾಗುತ್ತಿದೆ ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.)

ಏಳರ ಮೋಹ ನೆರೆಯ ಬಾಬಿಲೋನಿನಲ್ಲೂ ಇತ್ತು. ಅಲ್ಲಿಯ ಪಂಚಾಂಗದಲ್ಲಿ ತಿಂಗಳ 7, 14, 19, 21 ಮತ್ತು 28ನೇ ದಿನಗಳು ಅಶುಭ. ಆ ದಿನ ರಾಜ ರಥ ಏರಬಾರದು, ವೈದ್ಯ ರೋಗಿಯನ್ನು ಮುಟ್ಟಬಾರದು. ಹೀಬ್ರೂ ಗ್ರಂಥ ಏಳನೆಯ ದಿನವನ್ನು ಈ ಭಯದಿಂದ ಬಿಡಿಸಿತು. ಸಬ್ಬತ್ ದಿನದ ವಿಶ್ರಾಂತಿ ಅಲ್ಲಿ ರಾಜನಿಗೆ ಸಂಬಂಧಿಸಿದ ಶಕುನವಾಗಿ ಬರುವುದಿಲ್ಲ. ದಾಸಿಯ ಮಗ ಸುಧಾರಿಸಿಕೊಳ್ಳಲಿ, ಪರದೇಶಿ ಸುಧಾರಿಸಿಕೊಳ್ಳಲಿ, ಎತ್ತು ಕತ್ತೆಗಳೂ ದಣಿವಾರಿಸಿಕೊಳ್ಳಲಿ ಎಂದು ವಿಮೋಚನಕಾಂಡ ಕಾರಣ ಕೊಡುತ್ತದೆ. ಅಲ್ಲಿಗೂ ನಿಲ್ಲದೆ ದಿನದ ಲೆಕ್ಕವನ್ನು ವರ್ಷಕ್ಕೆ ಹಿಗ್ಗಿಸುತ್ತದೆ. ಆರು ವರ್ಷ ಬಿತ್ತಿ ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕು. ತಾನಾಗಿ ಬೆಳೆದದ್ದು ಬಡವರಿಗೆ, ಅವರು ಬಿಟ್ಟದ್ದು ಕಾಡುಪ್ರಾಣಿಗಳಿಗೆ. ಧರ್ಮೋಪದೇಶಕಾಂಡದ ಪ್ರಕಾರ ಏಳು ವರ್ಷಕ್ಕೊಮ್ಮೆ ಸಾಲ ಮನ್ನಾ. ಮಾರಿಹೋದ ದಾಸನಿಗೆ ದುಡಿಮೆಯ ಏಳನೆಯ ವರ್ಷ ಬಿಡುಗಡೆ. ಏಳೇಳಲಿ ನಲವತ್ತೊಂಬತ್ತು ಕಳೆದು ಐವತ್ತನೆಯ ವರ್ಷ ಬಂದಾಗ ಕೊಂಬು ಊದಬೇಕು, ಮಾರಿದ ಭೂಮಿ ಮೂಲ ಕುಟುಂಬಕ್ಕೆ ಮರಳಬೇಕು. ಇದೇ ಜೂಬಿಲಿ.

ಸಾಲ ಮನ್ನಾ ಮಾಡುವುದು ಹೀಬ್ರೂಗಳು ಕಂಡುಹಿಡಿದ ಸಂಗತಿಯಲ್ಲ. ಕ್ರಿ.ಪೂ. 17ನೇ ಶತಮಾನದಲ್ಲಿ ಹಮ್ಮುರಾಬಿಯ ವಂಶದ ಅಮ್ಮಿಸದುಕ ಎಂಬ ದೊರೆ ಬಾರ್ಲಿಯ ಸಾಲ, ಬೆಳ್ಳಿಯ ಸಾಲಗಳನ್ನು ರದ್ದುಪಡಿಸಿ ಹೊರಡಿಸಿದ ಶಾಸನ ಸಿಕ್ಕಿದೆ. ಇಂಥ ಬಿಡುಗಡೆಗೆ ಬಾಬಿಲೋನಿನ ಭಾಷೆಯಲ್ಲಿ 'ಅಂದುರಾರು' ಎಂದು ಹೆಸರು. ಜೂಬಿಲಿಯ ಬಿಡುಗಡೆಗೆ ಹೀಬ್ರೂ ಬಳಸುವ 'ದೆರೋರ್' ಅದರ ಸೋದರ ಪದ. ವ್ಯತ್ಯಾಸ ಇರುವುದು ಒಂದೇ ಕಡೆ. ಬಾಬಿಲೋನಿನಲ್ಲಿ ಬಿಡುಗಡೆ ಯಾವಾಗ ಎಂಬುದು ದೊರೆಯ ಮನಸ್ಸಿಗೆ ಬಿಟ್ಟದ್ದು. ಪಟ್ಟಕ್ಕೇರಿದ ಖುಷಿಗೆ ಕೊಟ್ಟಾನು, ಕೊಡದೆಯೂ ಇದ್ದಾನು. ಹೀಬ್ರೂ ಗ್ರಂಥ ರಾಜನ ದಯೆ ಇದ್ದ ಜಾಗದಲ್ಲಿ ಒಂದು ಸಂಖ್ಯೆಯನ್ನು ಕೂರಿಸಿತು. ಸಂಖ್ಯೆಯ ಮುಂದೆ ಯಾರೂ ಕೈಮುಗಿದು ನಿಲ್ಲಬೇಕಾಗಿಲ್ಲ, ಅದು ತಾನಾಗಿ ಬರುತ್ತದೆ. ಏಳರ ಪಾವಿತ್ರ್ಯ ಇರುವುದು ಇಲ್ಲಿ ಎಂದೇ ನಮ್ಮ ಎಣಿಕೆ.

ಇದೆಲ್ಲ ನಡೆದದ್ದುಂಟೇ? ಜೂಬಿಲಿ ನಡೆಯಿತೆನ್ನಲು ಗಟ್ಟಿ ಪುರಾವೆ ಇಲ್ಲ. ಏಳನೆಯ ವರ್ಷದ ಆಚರಣೆಗೆ ಇದೆ. ಈ ವರ್ಷಗಳಲ್ಲಿ ಯಹೂದಿಗಳು ಬಿತ್ತುವುದಿಲ್ಲ ಎಂಬ ಕಾರಣಕ್ಕೆ ಜೂಲಿಯಸ್ ಸೀಸರ್ ಕಂದಾಯದಿಂದ ವಿನಾಯಿತಿ ಕೊಟ್ಟದ್ದನ್ನು ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಸಾಲದ ಮಾತು ಅಷ್ಟು ಸುಲಭವಾಗಿರಲಿಲ್ಲ. ಏಳನೆಯ ವರ್ಷ ಹತ್ತಿರವಾದಂತೆ ಬಡವನಿಗೆ ಸಾಲವೇ ಹುಟ್ಟುತ್ತಿರಲಿಲ್ಲ. ಹೀಗಾಗಬಹುದೆಂದು ಧರ್ಮೋಪದೇಶಕಾಂಡವೇ ಊಹಿಸಿ ಉಳ್ಳವರನ್ನು ಎಚ್ಚರಿಸಿತ್ತು, ಉಳ್ಳವರು ಕೇಳಲಿಲ್ಲ. ಕೊನೆಗೆ ಹಿಲ್ಲೆಲ್ ಎಂಬ ಧರ್ಮಪಂಡಿತ 'ಪ್ರೊಸ್ಬೂಲ್' ಎಂಬ ಪತ್ರವನ್ನು ಜಾರಿಗೆ ತಂದ. ಸಾಲವನ್ನು ನ್ಯಾಯಾಲಯಕ್ಕೆ ಒಪ್ಪಿಸಿದಂತೆ ಬರೆದುಕೊಟ್ಟರೆ ಏಳನೆಯ ವರ್ಷವೂ ಅದು ಮನ್ನಾ ಆಗುವುದಿಲ್ಲ. ಇದು ಕಾನೂನಿನ ಕಣ್ಣಿಗೆ ಮಣ್ಣೆರಚಿದ ಉಪಾಯ ಎನ್ನುವವರಿದ್ದಾರೆ. ತೀರಿಸಬೇಕಾದ ಸಾಲವಾದರೂ ಹುಟ್ಟಲಿ ಎಂದ ಹಿಲ್ಲೆಲನ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೂ ಗೆದ್ದವರು ಸಾಲ ಕೊಡುವವರೇ.

ಇನ್ನು ಅಕ್ಷರಗಳ ಲೆಕ್ಕ. ಉರ್ದು ಓದಿದವರಿಗೆ ಅಬ್ಜದ್ ಹೊಸದಲ್ಲ. ಅಲಿಫ್‌ಗೆ 1, ಬೇಗೆ 2, ಜೀಮ್‌ಗೆ 3, ದಾಲ್‌ಗೆ 4. ಲಾರಿ, ಆಟೋಗಳ ಮೇಲೆ ಕಾಣುವ 786 ಈ ಲೆಕ್ಕದ್ದೇ. ಹೀಬ್ರೂವಿನ ಕ್ರಮವೂ ಅಲೆಫ್, ಬೇತ್, ಗಿಮೆಲ್, ದಾಲೆತ್, ಬೆಲೆಗಳೂ ಅವೇ. ಜೀವಂತ ಎಂಬ ಅರ್ಥದ ಹೀಬ್ರೂ 'ಹಾಯ್' ಮತ್ತು ಅರಬಿಯ 'ಹಯ್' ಎರಡೂ ಕೂಡಿದರೆ 18. ಯಹೂದಿಗಳು ಇಂದಿಗೂ 18ರ ಮಗ್ಗಿಯಲ್ಲಿ ದಾನ ಕೊಡುವುದು ಇದಕ್ಕೇ. ಅಬ್ರಹಾಮ 318 ಸೇವಕರೊಂದಿಗೆ ಯುದ್ಧಕ್ಕೆ ಹೋದ ಎಂದು ಆದಿಕಾಂಡ ಹೇಳಿದರೆ, ಮುಂದಿನ ಪಂಡಿತರು ಅವನ ಸೇವಕ ಎಲೀಯೆಜರನ ಹೆಸರಿನ ಅಕ್ಷರಗಳನ್ನು ಕೂಡಿ ಅದೇ 318 ತೆಗೆದು ತೋರಿಸಿದರು. ಸೊಗಸಾದ ಆಟ. ಆದರೆ ಗ್ರಂಥದ ಮೂಲದಲ್ಲಿ ಸಂಖ್ಯೆಗಳನ್ನು ಪದಗಳಲ್ಲೇ ಬರೆದಿದೆ. ಅಕ್ಷರವನ್ನು ಅಂಕಿಯಾಗಿ ಬಳಸಿದ್ದಕ್ಕೆ ಪುರಾವೆ ಸಿಗುವುದು ಬಹಳ ತಡವಾಗಿ, ಹಸ್ಮೋನಿ ರಾಜರ ನಾಣ್ಯಗಳ ಕಾಲದಲ್ಲಿ. ಈ ಆಟವನ್ನೇ ವಿಜ್ಞಾನ ಎಂದವರೂ ಬಂದರು. 1997ರಲ್ಲಿ ಮೈಕೆಲ್ ಡ್ರಾಸ್ನಿನ್ ಎಂಬ ಪತ್ರಕರ್ತ ಹೀಬ್ರೂ ಗ್ರಂಥದಲ್ಲಿ ಭವಿಷ್ಯ ಅಡಗಿದೆ ಎಂದು ಪುಸ್ತಕ ಬರೆದ. ಬ್ರೆಂಡನ್ ಮೆಕೇ ಎಂಬ ಗಣಿತಜ್ಞ ಅಂಥದೇ 'ಭವಿಷ್ಯ'ಗಳನ್ನು 'ಮೊಬಿ ಡಿಕ್' ಎಂಬ ತಿಮಿಂಗಿಲದ ಕಾದಂಬರಿಯಿಂದ ಹೊರತೆಗೆದು ತೋರಿಸಿದರು. ನಮ್ಮವರು ನಗಬೇಕಾಗಿಲ್ಲ. ಕುರ್‌ಆನ್ 19ರ ಲೆಕ್ಕದ ಮೇಲೆ ನಿಂತಿದೆ ಎಂದ ರಶಾದ್ ಖಲೀಫಾ, ಲೆಕ್ಕ ಕೂಡದಿದ್ದಾಗ ತೌಬಾ ಅಧ್ಯಾಯದ ಕೊನೆಯ ಎರಡು ಸೂಕ್ತಗಳನ್ನೇ ಕೈಬಿಟ್ಟ.

ಎಪ್ಪತ್ತಕ್ಕೆ ಬರೋಣ. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರ ಜೆರುಸಲೇಮಿನ ರಾಜನನ್ನೂ ಪ್ರಮುಖರನ್ನೂ ಕುಶಲಕರ್ಮಿಗಳನ್ನೂ ಬಾಬಿಲೋನಿಗೆ ಹಿಡಿದೊಯ್ದ. 586ರಲ್ಲಿ ದೇವಾಲಯ ಸುಟ್ಟುಹೋಯಿತು. ಇನ್ನೇನು ಎರಡು ವರ್ಷದಲ್ಲಿ ವಾಪಸು ಎಂದು ಹೇಳುವ ಪ್ರವಾದಿಗಳು ಆಗ ಇದ್ದರು. ಯೆರೆಮೀಯ ಮಾತ್ರ ಸೆರೆಯಾಳುಗಳಿಗೆ ಪತ್ರ ಬರೆದು ಎಪ್ಪತ್ತು ವರ್ಷ ಎಂದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ಇರುವ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ ಎಂಬುದು ಆ ಪತ್ರದ ಸಾರ. ಒಂದು ಕೀರ್ತನೆಯ ಪ್ರಕಾರ ಮನುಷ್ಯನ ಆಯುಷ್ಯ ಎಪ್ಪತ್ತು. ಅಂದರೆ ಪತ್ರ ಓದಿದ ದೊಡ್ಡವರು ಮರಳುವುದನ್ನು ಕಾಣಲಾರರು.

ಈ ಎಪ್ಪತ್ತು ಬಾಬಿಲೋನಿಗೂ ಹೊಸದಲ್ಲ. ಕ್ರಿ.ಪೂ. 689ರಲ್ಲಿ ಅಸ್ಸೀರಿಯದ ಸನ್ಹೇರೀಬ ಬಾಬಿಲೋನನ್ನೇ ಹಾಳುಗೆಡವಿದ್ದ. ಅವನ ಮಗ ಎಸರ್‌ಹದ್ದೋನ್ ಅದನ್ನು ಮತ್ತೆ ಕಟ್ಟಿಸುವಾಗ ಬರೆಸಿದ ಶಾಸನದಲ್ಲಿ ಒಂದು ಸ್ವಾರಸ್ಯವಿದೆ. ಮರ್ದುಕ್ ದೇವರು ಪಟ್ಟಣಕ್ಕೆ ಎಪ್ಪತ್ತು ವರ್ಷ ಶಿಕ್ಷೆ ಬರೆದಿದ್ದ, ಆಮೇಲೆ ಮನಸ್ಸು ಕರಗಿ ಅಂಕಿಯನ್ನು ತಿರುಗಿಸಿ ಹನ್ನೊಂದು ಮಾಡಿದ ಎನ್ನುತ್ತದೆ ಅದು. ಬೆಣೆಲಿಪಿಯಲ್ಲಿ 60ಕ್ಕೂ 1ಕ್ಕೂ ಒಂದೇ ಗುರುತು. 60ರ ಮುಂದೆ 10 ಇದ್ದರೆ 70, ಜಾಗ ಅದಲುಬದಲಾದರೆ 11. ಅರಸನಿಗೆ ಅವಸರವಿದ್ದಾಗ ದೇವರೂ ಅಂಕಿ ತಿರುಗಿಸಿದ! ಸೆರೆಯಾಳುಗಳ ಎಪ್ಪತ್ತನ್ನು ತಿರುಗಿಸಿಕೊಡುವವರು ಯಾರೂ ಇರಲಿಲ್ಲ.

ಅವರು ಲೆಕ್ಕ ಹಾಕುತ್ತಲೇ ಇದ್ದರು. 597ರಿಂದ, ಪಾರಸಿ ದೊರೆ ಕೋರೆಷ (ಸೈರಸ್) ಮರಳಲು ಅಪ್ಪಣೆ ಕೊಟ್ಟ 538ರವರೆಗೆ ಎಣಿಸಿದರೆ 59 ವರ್ಷ. ದೇವಾಲಯ ಸುಟ್ಟಲ್ಲಿಂದ, ಮತ್ತೆ ಕಟ್ಟಿ ಮುಗಿದ ಸುಮಾರು 516ರವರೆಗೆ ಎಣಿಸಿದರೆ ಎಪ್ಪತ್ತು. ಬೀಳು ಬಿಡದೆ ದುಡಿಸಿದ್ದಕ್ಕಾಗಿ ಭೂಮಿ ತನ್ನ ಸಬ್ಬತ್ತುಗಳ ಬಾಕಿಯನ್ನು ಆ ಎಪ್ಪತ್ತು ವರ್ಷಗಳಲ್ಲಿ ವಸೂಲು ಮಾಡಿಕೊಂಡಿತು ಎಂದು ಪೂರ್ವಕಾಲವೃತ್ತಾಂತ ಬರೆದವನು ಅರ್ಥ ಹಚ್ಚಿದ. ದಾನಿಯೇಲನ ಗ್ರಂಥದಲ್ಲಿ ಅದು ಎಪ್ಪತ್ತು ವಾರಗಳ ವರ್ಷವಾಗಿ, ಅಂದರೆ 490 ಆಗಿ ಬೆಳೆಯಿತು. ಅಂತ್ಯಕಾಲವನ್ನು ಎಣಿಸುವವರಿಗೆ ತಾಲ್ಮೂದ್ ಶಾಪವನ್ನೇ ಹಾಕಬೇಕಾಯಿತು.

ಇತ್ತ ಬಹಳ ಮಂದಿ ಮರಳಲೇ ಇಲ್ಲ. ಯೆರೆಮೀಯ ಹೇಳಿದಂತೆ ಮನೆ, ತೋಟ ಮಾಡಿಕೊಂಡು ಯೂಫ್ರೆಟಿಸ್ ದಡದಲ್ಲೇ ನೆಲೆಸಿದರು. ಬಾಬಿಲೋನಿನ ತಾಲ್ಮೂದ್ ರೂಪುಗೊಂಡದ್ದು ಅಲ್ಲಿ. ಅಬ್ಬಾಸಿ ಖಲೀಫರ ಬಗ್ದಾದಿನಲ್ಲಿ ಅವರ ವಿದ್ಯಾಪೀಠಗಳಿದ್ದವು. ಅರಬಿ ಅವರ ಮನೆಮಾತಾಯಿತು. ಇಸ್ರೇಲ್ ಸ್ಥಾಪನೆಯ ನಂತರದ ದಿನಗಳಲ್ಲಿ, 1950-51ರಲ್ಲಿ, ಸುಮಾರು 1,20,000 ಇರಾಕಿ ಯಹೂದಿಗಳು ಪೌರತ್ವ ಬಿಟ್ಟು ವಿಮಾನ ಹತ್ತಿದರು. ಹಿಂದೆ ಬಾಬಿಲೋನಿನಿಂದ ಮರಳಿದವರ ಮುಂದಾಳುಗಳಾದ ಎಜ್ರ ಮತ್ತು ನೆಹೆಮೀಯರ ಹೆಸರನ್ನೇ ಆ ಕಾರ್ಯಾಚರಣೆಗೆ ಇಟ್ಟಿದ್ದರು.