ಹರಿಹರದ ದಾರಿಯ ಎರಡು ಕಾರುಗಳು

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರು. 1970ರ ದಶಕದಲ್ಲಿ ಆ ದಾರಿಯಲ್ಲಿ ಬಾಡಿಗೆ ಕಾರೆಂದರೆ ಅಂಬಾಸಿಡರ್, ಇಲ್ಲವೇ ಫಿಯೆಟ್. ಮೊದಲನೆಯದು ಕಲ್ಕತ್ತೆ ಸಮೀಪದ ಉತ್ತರಪಾರದ್ದು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚು. ಎರಡನೆಯದು ಮುಂಬಯಿಯ ಕುರ್ಲಾದ್ದು. 1974ರಿಂದ ಅದು ಪ್ರೀಮಿಯರ್ ಪದ್ಮಿನಿ. ಜನ ಮಾತ್ರ ಫಿಯೆಟ್ ಎನ್ನುವುದನ್ನು ಬಿಡಲಿಲ್ಲ.

ಅಂಬಾಸಿಡರ್ ಎಂಜಿನ್ 1489 ಸಿಸಿ, ಫಿಯೆಟ್‌ನದು 1089. ಆದರೆ ಅಂಬಾಸಿಡರ್ ಒಂದು ಟನ್ನು ಮೀರಿದ ಭಾರದ ಗಾಡಿ, ಫಿಯೆಟ್ ಟನ್ನಿಗಿಂತ ಕಡಿಮೆ. ಒಬ್ಬಿಬ್ಬರೇ ಕೂತರೆ ಫಿಯೆಟ್ ಚುರುಕು, ಪೆಟ್ರೋಲೂ ಉಳಿತಾಯ. ಗಂಡಸರು ಹೊಗಳುತ್ತಿದ್ದುದು ಇದನ್ನೇ.

ನಮ್ಮ ಮನೆಯ ಲೆಕ್ಕ ಬೇರೆ. ಹರಿಹರೇಶ್ವರನ ದರ್ಶನಕ್ಕೆ ಅಜ್ಜಿ, ದೊಡ್ಡಪ್ಪ, ಬುತ್ತಿಯ ಗಂಟು, ಮಕ್ಕಳು, ಎಲ್ಲ ಸೇರಿ ಹತ್ತು ಜನ. ಫಿಯೆಟ್ ಬಂತೆಂದರೆ ಮನೆ ಕಾಯಲು ಉಳಿಯುವವರು ಹೆಣ್ಣುಮಕ್ಕಳೇ. ನಾನು ತುಂಗಭದ್ರೆಯನ್ನು ಮೊದಲು ಕಂಡದ್ದು ಅಂಬಾಸಿಡರ್‌ನಲ್ಲಿ, ಅತ್ತೆಯ ತೊಡೆಯ ಮೇಲೆ ಕೂತು. ಹಾಗಾಗಿ ನನ್ನ ಓಟು ಅದಕ್ಕೇ. ಸಿಸಿ ಲೆಕ್ಕ ಆಮೇಲಿನದು.

ಎರಡರಲ್ಲೂ ಗೇರು ಸ್ಟೀರಿಂಗ್ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಉದ್ದ ಸೀಟಿನಲ್ಲಿ ಡ್ರೈವರ್ ಪಕ್ಕ ಇಬ್ಬರು ಕೂರಬಹುದಿತ್ತು. 1983ರ ಕೊನೆಗೆ ಬಂದ ಮಾರುತಿ 800ರಲ್ಲಿ ಗೇರು ಕೆಳಗಿಳಿಯಿತು, ಮುಂದಿನ ಸೀಟು ಎರಡು ಹೋಳಾಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಮೊದಲೇ ಹೋಗಿದ್ದಳು.