ಹಾಲಿವುಡ್ಡಿನ ನರ್ತನ ಯುಗಳಗಳು

ಗಂಡು ಹೆಣ್ಣುಗಳಿಬ್ಬರು ಒಂದೇ ಲಯಕ್ಕೆ ಹೆಜ್ಜೆಯಿಟ್ಟು, ಒಬ್ಬರ ಇಂಗಿತವನ್ನು ಮತ್ತೊಬ್ಬರು ಮಾತಿಲ್ಲದೆಯೇ ಅರಿತವರಂತೆ ನರ್ತಿಸುವುದನ್ನು ಕಂಡಾಗ, ಇವರ ಬಾಳೂ ಹೀಗೆಯೇ ಹೊಂದಿಕೊಂಡಿರಬೇಕೆಂದು ಊಹಿಸುವುದು ಪ್ರೇಕ್ಷಕನ ಸಹಜವಾದ ಮನೋಧರ್ಮ. 1930ರ ದಶಕದ ಅಮೆರಿಕದಲ್ಲಿ ಈ ಊಹೆಯು ಲೋಕಪ್ರಿಯವಾದ ನಂಬಿಕೆಯಾಗಿಯೇ ಬೆಳೆದಿದ್ದಿತು. ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರೋಜರ್ಸ್ ತೆರೆಯ ಮೇಲೆ ಕೈಕೈ ಹಿಡಿದು ಕುಣಿದುದನ್ನು ಕಂಡ ಜನ, ಅವರು ನಿಜಜೀವನದಲ್ಲಿಯೂ ಪ್ರಣಯಿಗಳೆಂದು ನಂಬಿದರು. ಆ ನಂಬಿಕೆಗೆ ಆಧಾರ ದೊರೆಯದಿದ್ದಾಗ ಅವರು ಪರಸ್ಪರ ದ್ವೇಷಿಗಳೆಂದು ನಂಬಿದರು. ಪತ್ರಿಕೆಗಳು ಎರಡು ಕಥೆಗಳಿಗೂ ನೀರೆರೆದುವು. ವಾಸ್ತವವಾಗಿ ಅವರು ಪ್ರಣಯಿಗಳೂ ಅಲ್ಲ, ದ್ವೇಷಿಗಳೂ ಅಲ್ಲ. ಒಂದು ಕಠಿನವಾದ ಕೆಲಸವನ್ನು ಒಟ್ಟಿಗೆ ಮಾಡಿದ ಸಹೋದ್ಯೋಗಿಗಳು. ಈ ಸಂಬಂಧವು ಪ್ರಣಯಕ್ಕಿಂತ ಕಡಿಮೆಯದೆಂದು ಭಾವಿಸುವುದು ಸರಿಯಲ್ಲವೆಂಬುದನ್ನು ಆ ಕಾಲದ ನರ್ತನ ಯುಗಳಗಳ ಚರಿತ್ರೆಯೇ ತೋರಿಸಿಕೊಡುತ್ತದೆ.

ಆ ಚರಿತ್ರೆಯ ಮೊದಲಿಗೆ ಬರುವವರು ನಿಜವಾಗಿಯೂ ದಂಪತಿಗಳು. ಇಂಗ್ಲೆಂಡಿನಲ್ಲಿ ಹುಟ್ಟಿದ ವರ್ನನ್ ಕ್ಯಾಸಲ್ ಮತ್ತು ನ್ಯೂಯಾರ್ಕಿಗೆ ಸಮೀಪದ ನ್ಯೂ ರೋಷೆಲ್ ಊರಿನ ಐರೀನ್ 1911ರಲ್ಲಿ ಮದುವೆಯಾಗಿ, ಪ್ಯಾರಿಸ್ಸಿನಲ್ಲಿ ಹೆಸರು ಗಳಿಸಿ, ಹಿಂದಿರುಗಿ ಬಂದು, ಶಿಷ್ಟಸಮಾಜವು ಅದುವರೆಗೆ ಸಂಶಯದಿಂದ ನೋಡುತ್ತಿದ್ದ ಹೊಸ ಬಗೆಯ ಜೋಡಿ ನರ್ತನಗಳನ್ನು ಗೌರವಸ್ಥರ ಮನೆಗಳೊಳಕ್ಕೆ ಕೊಂಡೊಯ್ದರು. ಅವರಿಗೆ ವಾದ್ಯಮೇಳವನ್ನು ನಡೆಸಿಕೊಟ್ಟವನು ಜೇಮ್ಸ್ ರೀಸ್ ಯೂರೋಪ್ ಎಂಬ ಕಪ್ಪು ಜನಾಂಗದ ಶ್ರೇಷ್ಠ ಸಂಗೀತಗಾರ. ನರ್ತಿಸುವ ಇಬ್ಬರೂ ಧರ್ಮತಃ ಗಂಡಹೆಂಡಿರೆಂಬ ಸಂಗತಿಯೇ ಆ ಆಲಿಂಗನಕ್ಕೆ ಮರ್ಯಾದೆಯ ಮುದ್ರೆಯನ್ನೊತ್ತಿತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುದಳವನ್ನು ಸೇರಿದ ವರ್ನನ್, 1918ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ವಿಮಾನ ತರಬೇತಿ ನಡೆಸುತ್ತಿದ್ದಾಗ ಅಪಘಾತದಲ್ಲಿ ಮಡಿದನು. ಆದರೆ ನರ್ತಿಸುವ ಜೋಡಿಯು ಬಾಳಿನಲ್ಲಿಯೂ ಜೋಡಿಯಾಗಿರಬೇಕೆಂಬ ನಿರೀಕ್ಷೆಯನ್ನು ಆ ದಂಪತಿಗಳು ಅಮೆರಿಕದ ಜನಮನಸ್ಸಿನಲ್ಲಿ ಬೇರೂರಿಸಿ ಹೋಗಿದ್ದರು.

ಅನಂತರದ ಪ್ರಸಿದ್ಧ ಜೋಡಿ ಅಕ್ಕ ತಮ್ಮಂದಿರದು. ನೆಬ್ರಾಸ್ಕದ ಒಮಾಹ ನಗರದಲ್ಲಿ, ಆಸ್ಟ್ರಿಯದಿಂದ ವಲಸೆ ಬಂದ ತಂದೆಗೆ 1899ರಲ್ಲಿ ಹುಟ್ಟಿದ ಫ್ರೆಡ್‌ನ ಮನೆತನದ ಹೆಸರು ಆಸ್ಟರ್ಲಿಟ್ಸ್. ಅಕ್ಕ ಅಡೆಲ್ ಅವನಿಗಿಂತ ಸುಮಾರು ಮೂರು ವರ್ಷ ಹಿರಿಯಳು. ತಾಯಿಯು ಈ ಇಬ್ಬರು ಮಕ್ಕಳನ್ನು ನ್ಯೂಯಾರ್ಕಿಗೆ ಕರೆದುಕೊಂಡು ಹೋಗಿ ನೃತ್ಯಶಾಲೆಗೆ ಸೇರಿಸಿದಳು. ಊರೂರು ಅಲೆಯುವ ವಿನೋದ ಮೇಳಗಳಲ್ಲಿ ಬಾಲ್ಯವನ್ನು ಕಳೆದ ಅವರು, 1924ರಲ್ಲಿ ಗರ್ಷ್ವಿನ್ ಸಹೋದರರ ‘ಲೇಡಿ ಬಿ ಗುಡ್’ ಎಂಬ ಸಂಗೀತ ನಾಟಕದಿಂದ ಬ್ರಾಡ್‌ವೇಯಲ್ಲಿಯೂ, ತರುವಾಯ ಲಂಡನ್ನಿನಲ್ಲಿಯೂ ಅಪಾರ ಕೀರ್ತಿಯನ್ನು ಪಡೆದರು. ಆ ದಿನಗಳಲ್ಲಿ ಪ್ರೇಕ್ಷಕರ ಕಣ್ಣು ನಿಲ್ಲುತ್ತಿದ್ದುದು ಅಕ್ಕನ ಮೇಲೆ. ಆದರೆ ಒಡಹುಟ್ಟಿದವರು ರಂಗದ ಮೇಲೆ ಪ್ರೇಮಿಗಳಾಗುವಂತಿಲ್ಲ. ಆದುದರಿಂದ ಆ ನಾಟಕದಲ್ಲಿ ಅವರು ಅಣ್ಣ ತಂಗಿಯರ ಪಾತ್ರವನ್ನೇ ವಹಿಸಿದ್ದರು. 1932ರಲ್ಲಿ ಅಡೆಲ್ ಡೆವನ್‌ಷೈರಿನ ಡ್ಯೂಕನ ಮಗನಾದ ಲಾರ್ಡ್ ಚಾರ್ಲ್ಸ್ ಕ್ಯಾವೆಂಡಿಷ್‌ನನ್ನು ವರಿಸಿ, ರಂಗವನ್ನು ತ್ಯಜಿಸಿ, ಐರ್ಲೆಂಡಿನ ಲಿಸ್ಮೋರ್ ಕೋಟೆಯನ್ನು ಸೇರಿದಳು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿದ ಜೊತೆ ಹೀಗೆ ಮುರಿದು, ತಮ್ಮನು ಮೂವತ್ತಮೂರನೆಯ ವಯಸ್ಸಿನಲ್ಲಿ ಒಂಟಿಯಾದನು. ಇನ್ನೊಮ್ಮೆ ಯಾವುದೇ ಜೋಡಿಗೆ ಕಟ್ಟುಬೀಳಲು ಆತನಿಗೆ ಇಷ್ಟವಿರಲಿಲ್ಲ.

ಆದರೂ ವಿಧಿ ಆತನಿಗಾಗಿ ಒಂದು ಜೋಡಿಯನ್ನು ಸಿದ್ಧಪಡಿಸಿದ್ದಿತು. 1911ರಲ್ಲಿ ಮಿಸೂರಿಯ ಇಂಡಿಪೆಂಡೆನ್ಸ್ ಊರಿನಲ್ಲಿ ಹುಟ್ಟಿದ ವರ್ಜೀನಿಯ ಮ್ಯಾಕ್‌ಮ್ಯಾತ್, ಅಂದರೆ ಜಿಂಜರ್, ಹದಿಹರೆಯದಲ್ಲಿಯೇ ಟೆಕ್ಸಾಸಿನ ಚಾರ್ಲ್ಸ್‌ಟನ್ ನರ್ತನ ಸ್ಪರ್ಧೆಯಲ್ಲಿ ಗೆದ್ದು ರಂಗಕ್ಕೆ ಬಂದವಳು. ಆಕೆಯ ತಾಯಿ ಲೀಲಾ, ಪತ್ರಕರ್ತೆಯೂ ಚಿತ್ರಕಥೆಗಳನ್ನು ಬರೆದವಳೂ ಆದ ದಿಟ್ಟ ಹೆಂಗಸು. ಮಗಳ ಬಾಳಿನ ಪ್ರತಿಯೊಂದು ತಿರುವಿನಲ್ಲಿಯೂ ಬೆಂಬಲವಾಗಿ ನಿಂತವಳು. 1930ರಲ್ಲಿ ‘ಗರ್ಲ್ ಕ್ರೇಜಿ’ ನಾಟಕದಲ್ಲಿ ಜಿಂಜರ್ ನಟಿಸುತ್ತಿದ್ದಾಗ, ಅದರ ನರ್ತನವನ್ನು ತಿದ್ದಿಕೊಡಲು ಬಂದವನು ಅಸ್ಟೇರ್. ಅವರಿಬ್ಬರೂ ಆ ದಿನಗಳಲ್ಲಿ ಕೆಲವು ಸಂಜೆ ಒಟ್ಟಿಗೆ ವಿಹರಿಸಿದುದೂ ಉಂಟೆಂಬುದನ್ನು ಆಕೆ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾಳೆ. ಆ ಪರಿಚಯ ಮುಂದುವರಿಯಲಿಲ್ಲ. 1933ರ ಜುಲೈ 12ರಂದು ಅಸ್ಟೇರ್ ಫಿಲಿಸ್ ಪಾಟರ್ ಎಂಬಾಕೆಯನ್ನು ಮದುವೆಯಾಗಿ, ಅದರ ಬೆನ್ನಿಗೇ ಕ್ಯಾಲಿಫೋರ್ನಿಯಕ್ಕೆ ಹೊರಟನು. ಅಲ್ಲಿ ಆರ್.ಕೆ.ಓ. ಸಂಸ್ಥೆಯ ಚಿತ್ರವೊಂದರಲ್ಲಿ ಆತನೊಡನೆ ನರ್ತಿಸಲು ಗೊತ್ತಾಗಿದ್ದವಳು ಆ ಹಳೆಯ ಪರಿಚಯದ ಜಿಂಜರ್.

ಅದು ಆರ್ಥಿಕ ಮಹಾಕುಸಿತದ ಕಾಲ. ದುಡಿಯುವವರಲ್ಲಿ ಸುಮಾರು ಕಾಲುಭಾಗ ಜನಕ್ಕೆ ಕೆಲಸವಿರಲಿಲ್ಲ, ಆರ್.ಕೆ.ಓ. ಸಂಸ್ಥೆಯೇ ದಿವಾಳಿಯ ಅಂಚಿನಲ್ಲಿ ನ್ಯಾಯಾಲಯದ ಆಡಳಿತಕ್ಕೆ ಒಳಪಟ್ಟಿದ್ದಿತು. ‘ಫ್ಲೈಯಿಂಗ್ ಡೌನ್ ಟು ರಿಯೊ’ ಚಿತ್ರದ ನಾಯಕಿ ಡೊಲೊರೆಸ್ ಡೆಲ್ ರಿಯೊ. ಅಸ್ಟೇರ್ ಮತ್ತು ಜಿಂಜರ್ ಅದರಲ್ಲಿ ಕೇವಲ ಉಪಪಾತ್ರಗಳು. ಆದರೆ ‘ಕ್ಯಾರಿಯೋಕ’ ಎಂಬ ನರ್ತನದಲ್ಲಿ ಹಣೆಗೆ ಹಣೆ ತಾಗಿಸಿ ಅವರಿಟ್ಟ ಹೆಜ್ಜೆಗಳು ನಾಯಕ ನಾಯಕಿಯರನ್ನು ಮರೆಯಿಸಿಬಿಟ್ಟುವು. 1934ರಲ್ಲಿ ‘ದಿ ಗೇ ಡಿವೋರ್ಸೀ’, 1935ರಲ್ಲಿ ‘ರಾಬರ್ಟಾ’ ಮತ್ತು ‘ಟಾಪ್ ಹ್ಯಾಟ್’, 1936ರಲ್ಲಿ ‘ಫಾಲೋ ದಿ ಫ್ಲೀಟ್’ ಮತ್ತು ‘ಸ್ವಿಂಗ್ ಟೈಮ್’ — ಹೀಗೆ 1939ರವರೆಗೆ ಆ ಸಂಸ್ಥೆಗಾಗಿ ಅವರು ಒಟ್ಟು ಒಂಬತ್ತು ಚಿತ್ರಗಳಲ್ಲಿ ನರ್ತಿಸಿ, ಅದನ್ನು ಸಂಕಟದಿಂದ ಪಾರುಮಾಡಿದವರಲ್ಲಿ ಪ್ರಮುಖರಾದರು.

ತೆರೆಯ ಮೇಲೆ ಆ ಕ್ಷಣದಲ್ಲಿ ಹುಟ್ಟಿತೋ ಎಂಬಂತೆ ತೋರುವ ಈ ನರ್ತನಗಳು ಹೇಗೆ ಸಿದ್ಧವಾದುವೆಂಬುದನ್ನು ನೋಡಬೇಕು. ಚಿತ್ರೀಕರಣಕ್ಕೆ ವಾರಗಟ್ಟಲೆ ಮೊದಲೇ ಅಸ್ಟೇರ್ ತನ್ನ ಸಹಾಯಕನಾದ ಹರ್ಮಿಸ್ ಪ್ಯಾನ್‌ನೊಡನೆ ಬರಿಯ ಕೋಣೆಯೊಂದನ್ನು ಹೊಕ್ಕು, ಪಿಯಾನೋ ನುಡಿಸುವ ಒಬ್ಬನನ್ನು ಮಾತ್ರ ಜೊತೆಗಿಟ್ಟುಕೊಂಡು, ಒಂದೊಂದು ಹೆಜ್ಜೆಯನ್ನೂ ಕಟ್ಟಿ, ಕೆಡವಿ, ಮತ್ತೆ ಕಟ್ಟುತ್ತಿದ್ದನು. ಆಗ ಜಿಂಜರಳ ಸ್ಥಾನದಲ್ಲಿ ನಿಂತು ಕುಣಿಯುತ್ತಿದ್ದವನು ಪ್ಯಾನ್. ಆ ಭಾಗವನ್ನು ಆಕೆಗೆ ಕಲಿಸುತ್ತಿದ್ದವನೂ ಅವನೇ. ಚಿತ್ರೀಕರಣವಾದ ಮೇಲೆ ಪಾದಘಾತದ ಸದ್ದನ್ನು ಬೇರೆಯಾಗಿ ಮುದ್ರಿಸುವಾಗ ಆಕೆಯ ಹೆಜ್ಜೆಯ ಸದ್ದನ್ನು ಅನೇಕ ವೇಳೆ ಕೊಡುತ್ತಿದ್ದವನೂ ಅವನೇ. ಹೀಗೆ ಲೋಕವು ಇಬ್ಬರದೆಂದು ತಿಳಿದ ಆ ನರ್ತನದೊಳಗೆ ಕಣ್ಣಿಗೆ ಕಾಣದ ಮೂರನೆಯವನೊಬ್ಬನಿದ್ದನು. ಜಿಂಜರ್ ಇತರ ಚಿತ್ರಗಳ ಕೆಲಸವನ್ನು ಮುಗಿಸಿಕೊಂಡು ಅಭ್ಯಾಸಕ್ಕೆ ತಡವಾಗಿ ಬಂದು, ಇತರರು ಕಟ್ಟಿಟ್ಟುದನ್ನು ಅಲ್ಪಕಾಲದಲ್ಲಿ ಕರಗತಮಾಡಿಕೊಂಡು, ಅದಕ್ಕೆ ತನ್ನ ಅಭಿನಯದಿಂದ ಪ್ರಾಣವನ್ನು ತುಂಬುತ್ತಿದ್ದಳು. ನರ್ತಕರ ಇಡೀ ಶರೀರವು ತಲೆಯಿಂದ ಪಾದದವರೆಗೆ ಕಾಣುವಂತೆಯೂ, ದೃಶ್ಯವು ಆದಷ್ಟು ತುಂಡಾಗದಂತೆಯೂ ಚಿತ್ರಿಸಬೇಕೆಂಬುದು ಅಸ್ಟೇರ್ ಹಿಡಿದ ಹಟ. ಆದುದರಿಂದ ಒಂದು ಹೆಜ್ಜೆ ತಪ್ಪಿದರೂ ಮೊದಲಿನಿಂದ ಕುಣಿಯಬೇಕಾಗುತ್ತಿತ್ತು. ‘ಸ್ವಿಂಗ್ ಟೈಮ್’ ಚಿತ್ರದ ಕೊನೆಯ ನರ್ತನವನ್ನು ನಲವತ್ತಕ್ಕೂ ಹೆಚ್ಚು ಬಾರಿ ಕುಣಿದು ಮುಗಿಸುವ ಹೊತ್ತಿಗೆ ಜಿಂಜರಳ ಪಾದಗಳಲ್ಲಿ ರಕ್ತ ಒಸರುತ್ತಿದ್ದಿತು.

ಮನಸ್ತಾಪಗಳು ಇರಲಿಲ್ಲವೆಂದಲ್ಲ. ‘ಟಾಪ್ ಹ್ಯಾಟ್’ ಚಿತ್ರದ ಪ್ರಸಿದ್ಧ ನರ್ತನಕ್ಕೆ ಜಿಂಜರ್ ಉಷ್ಟ್ರಪಕ್ಷಿಯ ಗರಿಗಳಿಂದ ಅಲಂಕೃತವಾದ ತಿಳಿನೀಲಿಯ ಉಡುಪನ್ನು ತೊಟ್ಟು ಬಂದಾಗ, ಆ ಗರಿಗಳು ಉದುರಿ ಅಸ್ಟೇರನ ಮುಖಕ್ಕೂ ಕರಿಯ ಕೋಟಿಗೂ ಅಂಟಿಕೊಂಡು, ಅವನು ಸಹನೆಗೆಟ್ಟನು. ಆಕೆ ತನ್ನ ಆಯ್ಕೆಯನ್ನು ಬಿಟ್ಟುಕೊಡಲಿಲ್ಲ. ಇಂದು ಆ ದೃಶ್ಯವನ್ನು ನೋಡುವವರಿಗೆ ಆಕೆಯ ತೀರ್ಮಾನವೇ ಸರಿಯೆಂದು ತೋರದಿರದು; ಪ್ರತಿಯೊಂದು ತಿರುವಿನಲ್ಲಿಯೂ ಆ ಗರಿಗಳು ನರ್ತನವನ್ನು ಮುಂದುವರಿಸುತ್ತವೆ. ಅಸ್ಟೇರನೂ ಕೊನೆಗೆ ಕೋಪವನ್ನು ಮರೆತು, ಆಕೆಯನ್ನು ‘ಫೆದರ್ಸ್’ ಎಂದೇ ಪ್ರೀತಿಯಿಂದ ಕರೆಯತೊಡಗಿದನು.

ಇನ್ನು ಚುಂಬನದ ವಿಚಾರ. ಈ ಜೋಡಿ ತೆರೆಯ ಮೇಲೆ ಚುಂಬಿಸದಿರುವುದಕ್ಕೆ ಫಿಲಿಸಳ ಮಾತ್ಸರ್ಯವೇ ಕಾರಣವೆಂಬ ವದಂತಿ ಹಬ್ಬಿದ್ದಿತು. ಆದರೆ 1934ರಿಂದ ಚಿತ್ರೋದ್ಯಮದ ನೀತಿಸಂಹಿತೆ ಬಿಗಿಯಾಗಿ ಜಾರಿಗೆ ಬಂದುದನ್ನೂ, ಪ್ರಣಯನಿವೇದನೆ, ನಿರಾಕರಣ, ಮನವೊಲಿಕೆ, ಸಮರ್ಪಣ ಎಲ್ಲವನ್ನೂ ನರ್ತನದಿಂದಲೇ ಹೇಳಬೇಕೆಂಬುದು ಅಸ್ಟೇರನ ಕಲಾಧರ್ಮವಾಗಿದ್ದುದನ್ನೂ ನೆನೆದರೆ, ವದಂತಿಯ ಅಗತ್ಯವೇ ಉಳಿಯುವುದಿಲ್ಲ. 1938ರ ‘ಕೇರ್‌ಫ್ರೀ’ ಚಿತ್ರದಲ್ಲಿ, ನಿಧಾನಗತಿಯ ನರ್ತನವೊಂದರ ಕೊನೆಯಲ್ಲಿ, ಅವರು ಚುಂಬಿಸಿದರು. ಅದರಿಂದ ನರ್ತನಕ್ಕೆ ಹೊಸದಾಗಿ ಏನೂ ಸೇರಲಿಲ್ಲ.

ತೆರೆಯಾಚೆ ಅವರ ಬಾಳು ಎರಡು ಬೇರೆ ಬೇರೆ ದಿಕ್ಕುಗಳಲ್ಲಿ ಸಾಗಿದ್ದಿತು. ಅಸ್ಟೇರ್ ಗೃಹಸ್ಥ, ವಿಹಾರಕೂಟಗಳನ್ನು ಒಲ್ಲದವನು, ಕುದುರೆಪಂದ್ಯ ಮತ್ತು ಗಾಲ್ಫ್ ಆಟಗಳಲ್ಲಿ ಆಸಕ್ತ. 1954ರಲ್ಲಿ ಫಿಲಿಸ್ ನಲವತ್ತಾರರ ಪ್ರಾಯದಲ್ಲಿ ಶ್ವಾಸಕೋಶದ ಅರ್ಬುದದಿಂದ ತೀರಿಕೊಂಡಾಗ ಅವನು ಕುಸಿದುಹೋದನಾದರೂ, ಒಪ್ಪಿಕೊಂಡಿದ್ದ ಚಿತ್ರದ ಕೆಲಸದಲ್ಲಿಯೇ ಮನಸ್ಸನ್ನು ನಿಲ್ಲಿಸಿದನು. ಮತ್ತೆ ಮದುವೆಯಾದುದು 1980ರಲ್ಲಿ, ಕುದುರೆ ಸವಾರಳಾದ ರಾಬಿನ್ ಸ್ಮಿತ್‌ಳನ್ನು. ಜಿಂಜರ್ ಐದು ಬಾರಿ ಮದುವೆಯಾದಳು, ನಟ ಲ್ಯೂ ಏರ್ಸ್ ಆಕೆಯ ಎರಡನೆಯ ಪತಿ, ಐದು ವಿವಾಹಗಳೂ ವಿಚ್ಛೇದನದಲ್ಲಿ ಕೊನೆಗೊಂಡುವು, ಮಕ್ಕಳಿರಲಿಲ್ಲ. ಆರೆಗಾನ್‌ನ ರೋಗ್ ನದಿಯ ಬಳಿ ತಾನು ಕೊಂಡ ಕೃಷಿಭೂಮಿಯೇ ಆಕೆಗೆ ನೆಮ್ಮದಿಯ ತಾಣ. ಒಂಬತ್ತು ಚಿತ್ರಗಳ ಸಮಾನ ಭಾರವನ್ನು ಹೊತ್ತರೂ ಅಸ್ಟೇರನಿಗಿಂತ ಕಡಿಮೆ ವೇತನವನ್ನು ಪಡೆದು, ನರ್ತಕಿಯಷ್ಟೇ ಎಂಬ ಹೆಸರಿಗೆ ತೃಪ್ತಳಾಗದೆ ಹೊರಬಂದ ಆಕೆ, ‘ಕಿಟ್ಟಿ ಫಾಯ್ಲ್’ ಚಿತ್ರದ ಗಂಭೀರ ಪಾತ್ರಕ್ಕಾಗಿ 1940ರ ಶ್ರೇಷ್ಠ ನಟಿಯೆಂಬ ಆಸ್ಕರ್ ಪ್ರಶಸ್ತಿಯನ್ನು ಗೆದ್ದಳು. 1949ರಲ್ಲಿ ಜೂಡಿ ಗಾರ್ಲೆಂಡ್‌ಳ ಅಸ್ವಾಸ್ಥ್ಯದಿಂದ ತೆರವಾದ ಪಾತ್ರಕ್ಕೆ ಬಂದು, ‘ದಿ ಬಾರ್ಕ್‌ಲೀಸ್ ಆಫ್ ಬ್ರಾಡ್‌ವೇ’ ಚಿತ್ರದಲ್ಲಿ ಅಸ್ಟೇರನೊಡನೆ ಹತ್ತನೆಯ ಹಾಗೂ ಕೊನೆಯ ಬಾರಿ ನರ್ತಿಸಿದಳು. ಮರುವರ್ಷ ಅಸ್ಟೇರನಿಗೆ ವಿಶೇಷ ಆಸ್ಕರ್ ಸಂದಾಗ ಅದನ್ನು ಅವನ ಕೈಗಿತ್ತವಳೂ ಆಕೆಯೇ.

ದಾಂಪತ್ಯವು ನರ್ತನವನ್ನು ಕಾಪಾಡುವುದೆಂಬ ನಿಯಮವೂ ಇಲ್ಲ. ಮಾರ್ಜ್ ಮತ್ತು ಗವರ್ ಚಾಂಪಿಯನ್ 1947ರಲ್ಲಿ ಮದುವೆಯಾಗಿ, 1951ರ ‘ಷೋ ಬೋಟ್’ ಮೊದಲಾದ ಚಿತ್ರಗಳಲ್ಲಿ ಆದರ್ಶ ದಂಪತಿಗಳಂತೆ ಕುಣಿದು ಮನಗೆದ್ದರು. 1973ರಲ್ಲಿ ವಿಚ್ಛೇದನ ಪಡೆದರು. ಸಮಾಜವು ಸರಿಸಮನಾಗಿ ಕಾಣಲೊಲ್ಲದ ಜೋಡಿಯೂ ಇದ್ದಿತು: ‘ದಿ ಲಿಟ್ಲ್ ಕರ್ನಲ್’ ಚಿತ್ರದಲ್ಲಿ ಕಪ್ಪು ಜನಾಂಗದ ಮಹಾನರ್ತಕ ಬಿಲ್ ರಾಬಿನ್‌ಸನ್, ಪುಟ್ಟ ಬಾಲೆ ಷರ್ಲಿ ಟೆಂಪಲ್‌ಳ ಕೈಹಿಡಿದು ಮೆಟ್ಟಿಲ ಮೇಲೆ ಕುಣಿದುದನ್ನು ದಕ್ಷಿಣದ ಸಂಸ್ಥಾನಗಳು ಸಹಿಸಲಿಲ್ಲ, ಅಲ್ಲಿನ ಪ್ರದರ್ಶನಗಳಲ್ಲಿ ಆ ಕೈಹಿಡಿದ ಭಾಗಕ್ಕೆ ಕತ್ತರಿ ಬಿದ್ದಿತು. ಅದೇ ರಾಬಿನ್‌ಸನ್ನನ ಹೆಸರಿನಲ್ಲಿ ಅಸ್ಟೇರ್ ‘ಸ್ವಿಂಗ್ ಟೈಮ್’ನಲ್ಲಿ ಸಲ್ಲಿಸಿದ ಗೌರವ ನರ್ತನಕ್ಕೆ ಮುಖಕ್ಕೆ ಮಸಿ ಬಳಿದುಕೊಂಡುದು, ಆ ಕಾಲದ ಕುರುಡು ಎಷ್ಟು ವ್ಯಾಪಕವಾಗಿದ್ದಿತೆಂಬುದಕ್ಕೆ ಸಾಕ್ಷಿ, ಕಲೆಯ ಔನ್ನತ್ಯವು ಆ ಕಲಂಕವನ್ನು ಅಳಿಸಲಾರದು.

ಅಸ್ಟೇರ್ 1987ರಲ್ಲಿಯೂ ಜಿಂಜರ್ 1995ರಲ್ಲಿಯೂ ನಿಧನರಾದರು. ಅವರು ಪ್ರೀತಿಸಿದರೋ ಇಲ್ಲವೋ ಎಂದು ಕೇಳುವ ಕುತೂಹಲ ಇಂದಿಗೂ ಅಡಗಿಲ್ಲ. ಆ ಪ್ರಶ್ನೆಯನ್ನು ಬದಿಗಿಟ್ಟು ಆ ಚಿತ್ರಗಳನ್ನು ಇನ್ನೊಮ್ಮೆ ನೋಡಬೇಕೆಂಬುದೇ ವಾಚಕರಲ್ಲಿ ನನ್ನ ಪ್ರಾರ್ಥನೆ. ಪರಸ್ಪರ ಗೌರವ, ವಾರಗಟ್ಟಲೆಯ ಶ್ರಮ, ಜೊತೆಯವರ ಭಾರವನ್ನು ತನ್ನದೆಂದು ಹೊರುವ ಶಿಸ್ತು — ಇಷ್ಟರಿಂದಲೇ ಪ್ರೇಮದ ಪರಿಪೂರ್ಣ ರೂಪವನ್ನು ಲೋಕಕ್ಕೆ ತೋರಿಸಿಕೊಟ್ಟವರು ಅವರು. ಬೇರಾವ ಪ್ರಣಯಕಥೆಯ ಆಸರೆಯೂ ಅವರ ಕೀರ್ತಿಗೆ ಬೇಕಾಗಿಲ್ಲ.