ಮೀನಿನ ಹಕ್ಕೂ ಹೊಳೆಯ ಹಾದಿಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಾಯವ್ಯ ಮೂಲೆಯಲ್ಲಿ ಪೆಸಿಫಿಕ್ ಮಹಾಸಾಗರದ ಕವಲೊಂದು ನೆಲದೊಳಕ್ಕೆ ಬಹುದೂರ ಚಾಚಿಕೊಂಡಿದೆ. ಅದಕ್ಕೆ ಪ್ಯೂಜೆಟ್ ಸೌಂಡ್ ಎಂದು ಹೆಸರು. ಹಿಮಪರ್ವತಗಳಿಂದಿಳಿದು ಅದನ್ನು ಸೇರುವ ಹೊಳೆಗಳಲ್ಲಿ ನಿಸ್ಕ್ವಾಲಿ ಎಂಬುದೊಂದು. ಅದರ ದಡದ ಮೂಲನಿವಾಸಿಗಳಿಗೂ ಅದೇ ಹೆಸರು. ಇವರ ಜೀವನಾಧಾರವು ಸಾಲ್ಮನ್ ಎಂಬ ಮೀನು. ಸಿಹಿನೀರಿನ ತೊರೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ಪ್ರವಾಹಕ್ಕೆದುರಾಗಿ ಈಜಿ ಹುಟ್ಟಿದ ತೊರೆಗೇ ಹಿಂದಿರುಗುವುದು ಈ ಮೀನಿನ ಧರ್ಮ. ನಡುಹಾದಿಯಲ್ಲಿ ತಡೆಯುಂಟಾದರೆ ಸಂತತಿ ನಿಲ್ಲುತ್ತದೆ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು; ಒಂದೂವರೆ ಶತಮಾನಕ್ಕೂ ಮೀರಿದ ವ್ಯಾಜ್ಯವೆಲ್ಲವೂ ಕಡೆಗೆ ಇದರ ಮೇಲೆಯೇ ಬಂದು ನಿಂತಿತು.

1854ನೆಯ ಇಸವಿ ಡಿಸೆಂಬರ್ 26ರಂದು, ಮೆಡಿಸಿನ್ ಕ್ರೀಕ್ ಎಂಬ ತೊರೆಯ ದಡದಲ್ಲಿ, ಗವರ್ನರ್ ಐಸಾಕ್ ಸ್ಟೀವನ್ಸನು ನಿಸ್ಕ್ವಾಲಿ, ಪುಯಾಲಪ್ ಮೊದಲಾದ ಕುಲಗಳವರೊಡನೆ ಸಂಧಿಪತ್ರವನ್ನು ಮಾಡಿಕೊಂಡನು. ಇಪ್ಪತ್ತು ಲಕ್ಷಕ್ಕೂ ಮೀರಿದ ಎಕರೆ ಭೂಮಿಯನ್ನು ಅವರು ಬಿಟ್ಟುಕೊಟ್ಟರು. ಬದಲಿಗೆ 32,500 ಡಾಲರುಗಳನ್ನು, ಅದೂ ಕಂತು ಕಂತಾಗಿ, ಕೊಡುವುದೆಂದಾಯಿತು. ಆದರೆ ಒಂದು ಸಂಗತಿಯನ್ನು ಅವರು ಬಿಟ್ಟುಕೊಡಲಿಲ್ಲ. ವಾಡಿಕೆಯ ಎಡೆಗಳಲ್ಲೆಲ್ಲ, ಆ ಪ್ರಾಂತದ ಪ್ರಜೆಗಳೊಡನೆ ಸಮಾನವಾಗಿ, ಮೀನು ಹಿಡಿಯುವ ಹಕ್ಕು ತಮಗುಂಟೆಂದು ಪತ್ರದಲ್ಲಿ ಬರೆಯಿಸಿಕೊಂಡರು. ಸಂಧಿಯ ಮಾತುಗಳನ್ನು ಅವರಿಗೆ ತಿಳಿಸಿದ್ದು ಚಿನೂಕ್ ಎಂಬ ವ್ಯಾಪಾರದ ಬೆರಕೆ ನುಡಿಯಲ್ಲಿ. ಅದರ ಪದಸಂಪತ್ತು ಕೆಲವೇ ನೂರು. ಅಷ್ಟರಲ್ಲಿ ಭೂಸ್ವಾಮ್ಯದ ಸೂಕ್ಷ್ಮಗಳನ್ನು ಎಷ್ಟರಮಟ್ಟಿಗೆ ವಿವರಿಸಿದರೋ ಊಹಿಸಬಹುದು.

ನಿಸ್ಕ್ವಾಲಿಯವರಿಗೆ ಕಾದಿರಿಸಿದ ನೆಲವು ಹೊಳೆಯಿಂದ ದೂರವಾದ, ಕಾಡು ಕವಿದ 1,280 ಎಕರೆಯ ದಿಣ್ಣೆ. ಮೀನುಗಾರನನ್ನು ನೀರಿನಿಂದ ಅಗಲಿಸಿ ಮೀನಿನ ಹಕ್ಕನ್ನು ಕೊಟ್ಟಂತಾಯಿತು. ಅವರ ನಾಯಕನಾದ ಲೆಶೈ ಇದನ್ನು ಒಪ್ಪಲಿಲ್ಲ. ಸಂಧಿಪತ್ರದಲ್ಲಿರುವ ಅವನ ಗುರುತು ಅವನೇ ಹಾಕಿದ್ದೋ ಅಲ್ಲವೋ ಎಂಬುದು ಇಂದಿಗೂ ವಿವಾದಗ್ರಸ್ತ. ಯುದ್ಧವಾಯಿತು, 1856ರಲ್ಲಿ ಹೊಳೆಯ ಇಕ್ಕೆಲಗಳನ್ನೂ ಸೇರಿಸಿ ನೆಲವನ್ನು ಹಿಗ್ಗಿಸಿದರು. ಆದರೂ ಲೆಶೈಯನ್ನು ಕೊಲೆಯ ಆರೋಪದ ಮೇಲೆ 1858ನೆಯ ಫೆಬ್ರವರಿಯಲ್ಲಿ ಗಲ್ಲಿಗೇರಿಸಿದರು. 2004ರಲ್ಲಿ ಕೂಡಿದ ಐತಿಹಾಸಿಕ ನ್ಯಾಯಸಭೆಯೊಂದು ಅವನು ನಿರ್ದೋಷಿಯೆಂದು ಸಾರಿತು. ಹಿಗ್ಗಿಸಿದ ನೆಲದಲ್ಲಿಯೂ ಮೂರು ಸಾವಿರಕ್ಕೂ ಹೆಚ್ಚು ಎಕರೆಯನ್ನು 1917ರಲ್ಲಿ ಸೈನ್ಯದ ಪಾಳೆಯಕ್ಕಾಗಿ ಕಿತ್ತುಕೊಂಡರು.

1889ರಲ್ಲಿ ವಾಷಿಂಗ್ಟನ್ ಸಂಸ್ಥಾನವೇರ್ಪಟ್ಟ ಮೇಲೆ ಹಕ್ಕು ಕಾಗದದಲ್ಲಿ ಉಳಿಯಿತು, ಬಲೆ ಪೊಲೀಸರ ವಶವಾಯಿತು. ಸಂಧಿಯೆಂಬುದು ಮೂಲನಿವಾಸಿಗಳಿಗೆ ಕೊಟ್ಟ ದಾನವಲ್ಲ, ಅವರೇ ಇತರರಿಗೆ ಕೊಟ್ಟದ್ದು. ಕೊಡದೆ ಉಳಿಸಿಕೊಂಡದ್ದೆಲ್ಲ ಅವರದೇ ಎಂದು ಸರ್ವೋಚ್ಚ ನ್ಯಾಯಸ್ಥಾನವು 1905ರಷ್ಟು ಹಿಂದೆಯೇ ಹೇಳಿತ್ತು. ಆದರೂ 1945ರಲ್ಲಿ ಹದಿನಾಲ್ಕು ವರ್ಷದ ಬಿಲ್ಲಿ ಫ್ರ್ಯಾಂಕ್ ಎಂಬ ನಿಸ್ಕ್ವಾಲಿ ಬಾಲಕನನ್ನು ಮೀನು ಹಿಡಿದನೆಂದು ಬಂಧಿಸಿದರು. ಮುಂದೆ ಅವನು ಐವತ್ತಕ್ಕೂ ಹೆಚ್ಚು ಸಲ ಬಂಧನಕ್ಕೊಳಗಾದನು. 1974ನೆಯ ಫೆಬ್ರವರಿ 12ರಂದು ನ್ಯಾಯಾಧಿಪತಿ ಜಾರ್ಜ್ ಬೋಲ್ಟ್ ತೀರ್ಪಿತ್ತರು: ಸಮಾನವಾಗಿ ಎಂದರೆ ಹಿಡಿಯಲು ಯೋಗ್ಯವಾದ ಮೀನಿನಲ್ಲಿ ಅರ್ಧಪಾಲಿನವರೆಗೆ. ಬಿಳಿಯ ಮೀನುಗಾರರು ಕೆರಳಿದರು. 1979ರಲ್ಲಿ ಸರ್ವೋಚ್ಚ ನ್ಯಾಯಸ್ಥಾನವು ಮುಖ್ಯಾಂಶವನ್ನು ಎತ್ತಿಹಿಡಿಯಿತು.

ಆದರೆ ಮೀನೇ ಇಲ್ಲದ ಹೊಳೆಯಲ್ಲಿ ಅರ್ಧಪಾಲೆಂದರೇನು? ಸಂಸ್ಥಾನದ ರಸ್ತೆಗಳ ಅಡಿಯಲ್ಲಿ ನೀರು ಹಾಯಲು ಮೋರಿಗಳಿವೆ. ಅನೇಕ ಕಡೆಗಳಲ್ಲಿ ಅವುಗಳ ಬಾಯಿ ತೊರೆಗಿಂತ ಎತ್ತರಕ್ಕೆ ನಿಂತಿರುತ್ತದೆ, ಇಲ್ಲವೆ ಒಳಗಿನ ಸೆಳವು ಮೀನಿಗೆ ಎದುರಿಸಲಾಗದಷ್ಟು ಬಿರುಸು. ಅವುಗಳಾಚೆ ಮೈಲಿಗಟ್ಟಲೆ ತೊರೆ ಬಂಜೆಯಾಗಿ ಬಿದ್ದಿತ್ತು. 2001ರಲ್ಲಿ ಇಪ್ಪತ್ತೊಂದು ಕುಲಗಳವರು ಈ ಮೋರಿಗಳ ಮೇಲೆ ವ್ಯಾಜ್ಯ ಹೂಡಿದರು. ಮೀಮಾಂಸಕರು ಅರ್ಥಾಪತ್ತಿಯೆಂಬ ಪ್ರಮಾಣಕ್ಕೆ ಕೊಡುವ ಉದಾಹರಣೆ ಪ್ರಸಿದ್ಧವಾದುದು: ಹಗಲು ಉಣ್ಣದ ದೇವದತ್ತನು ಪುಷ್ಟನಾಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಒಪ್ಪಲೇಬೇಕು. ಅಂತೆಯೇ ಮೀನು ಹಿಡಿಯುವ ಹಕ್ಕು ಸಾರ್ಥಕವಾಗಬೇಕಾದರೆ ಮೀನು ಇರಬೇಕೆಂಬುದೂ ಅದರಲ್ಲಿಯೇ ಅಡಗಿದೆ. ಸಂಸ್ಥಾನವು ಇದನ್ನು ನಿರಾಕರಿಸಿತು. ಸೌಂಡನ್ನು ಸೇರುವ ಸಾಲ್ಮನ್ ತೊರೆಗಳನ್ನೆಲ್ಲ ಮುಚ್ಚಿಬಿಡಬಹುದೇ ಎಂದು ಮೇಲ್ಮನವಿಯ ನ್ಯಾಯಾಧಿಪತಿಗಳು ಕೇಳಿದಾಗ, ಸಂಧಿಯು ಅದನ್ನು ನಿಷೇಧಿಸುವುದಿಲ್ಲವೆಂದು ಅದರ ವಕೀಲರು ಉತ್ತರಿಸಿದರು! ವಾದದ ಬಲಹೀನತೆಗೆ ಬೇರೆ ಸಾಕ್ಷ್ಯ ಬೇಡ. ಆದರೆ ಅನೇಕ ಮೋರಿಗಳು ಒಕ್ಕೂಟ ಸರ್ಕಾರವೇ ಒಪ್ಪಿದ ಮಾದರಿಯವೆಂಬ ಅವರ ಇನ್ನೊಂದು ದೂರನ್ನು ಹುರುಳಿಲ್ಲದ್ದೆನ್ನುವಂತಿಲ್ಲ.

2007ರಲ್ಲಿ ನ್ಯಾಯಾಧಿಪತಿ ಮಾರ್ಟಿನೆಜ್ ಕುಲಗಳವರ ಪರವಾಗಿ ನಿರ್ಣಯಿಸಿ, 2013ರಲ್ಲಿ ದುರಸ್ತಿಯ ಆಜ್ಞೆಯಿತ್ತರು. ಹೆಚ್ಚು ಕೆಡುಕು ಮಾಡುವ ಮೋರಿಗಳನ್ನು 2030ರೊಳಗೆ ಸರಿಪಡಿಸಿ, ಮುಚ್ಚಿಹೋದ ನೆಲೆಯಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ತೆರೆಯಬೇಕು. ವ್ಯಾಜ್ಯವು ಸರ್ವೋಚ್ಚ ನ್ಯಾಯಸ್ಥಾನಕ್ಕೇರಿತು. ಇದರ ಹಿಂದಿನ ಹಂತವೊಂದರಲ್ಲಿ ಭಾಗವಹಿಸಿದ್ದ ಕಾರಣ ನ್ಯಾಯಾಧಿಪತಿಗಳೊಬ್ಬರು ದೂರ ಸರಿದರು. 2018ನೆಯ ಜೂನ್ 11ರಂದು ಉಳಿದ ಎಂಟು ಮಂದಿ ನಾಲ್ಕು ನಾಲ್ಕಾಗಿ ಒಡೆದರು. ಕೆಳಗಿನ ಆಜ್ಞೆ ಸ್ಥಿರವಾಯಿತು, ದೇಶಕ್ಕೆಲ್ಲ ಅನ್ವಯಿಸುವ ವಿಧಿ ಮಾತ್ರ ಹುಟ್ಟಲಿಲ್ಲ. ಇದನ್ನು ನೋಡಲು ಬಿಲ್ಲಿ ಫ್ರ್ಯಾಂಕ್ ಇರಲಿಲ್ಲ. ಅವರು 2014ರಲ್ಲಿ ತೀರಿಕೊಂಡಿದ್ದರು.

ಕೆಲಸ ನಡೆಯುತ್ತಿದೆ, ವೆಚ್ಚ ಶತಕೋಟಿಗಟ್ಟಲೆ ಡಾಲರು. ಆಜ್ಞೆಯು ಸಂಸ್ಥಾನದ ಸ್ವಂತ ಮೋರಿಗಳಿಗೆ ಮಾತ್ರ ಸಲ್ಲುತ್ತದೆ, ಜಿಲ್ಲೆಯ ರಸ್ತೆಗಳಿಗೂ ಖಾಸಗಿಯವರ ಹಾದಿಗಳಿಗೂ ಅಲ್ಲ. ಒಂದೇ ತೊರೆಯ ಮೇಲೆ ಇಬ್ಬರ ಮೋರಿಗಳೂ ಇರುವ ಎಡೆಗಳಲ್ಲಿ, ಸಮುದ್ರದಿಂದ ಬಂದ ಮೀನು ದುರಸ್ತಿಯಾದ ಮೊದಲನೆಯದನ್ನು ದಾಟಿ ಎರಡನೆಯದರ ಕೆಳಗೆ ನಿಂತುಬಿಡುತ್ತದೆ.